ತುಳಸಿಗೆ ಎರೆದ ನೀರು

ಸ್ಯಾನ್ ರಮೋನ್
14 ಸೆಪ್ಟೆಂಬರ್ 2025, ಭಾನುವಾರ

ನನ್ನ ಮುದ್ದು ಅಜ್ಜೀ,

ಹೇಗಿದ್ದೀಯ? ಆ ಹಾಳು ಕೆಮ್ಮು ಬಿಟ್ಟಿತಾ? ಈ ಕಾಗದದ ಫೋಟೋ ಅಪ್ಪನ ಫೋನಿಗೆ ಬಂದ ಕೂಡಲೇ ಪೂರ್ತಿ ಓದು. ಅಲ್ಲಿಯವರೆಗೆ ಕಷಾಯ ಮುಟ್ಟಬೇಡ. ನಾನು ತುಂಬಾ ತುಂಬಾ ಚೆನ್ನಾಗಿದ್ದೇನೆ, ಅಂದರೆ ನಿನ್ನೆ ಬೆಳಿಗ್ಗೆಯವರೆಗೆ ಚೆನ್ನಾಗಿದ್ದೆ. ಕುಶಲ್ ದಿನಾ ಸಂಜೆ ಕಾಫಿ ಮಾಡಿಕೊಡುತ್ತಾನೆ. (ಗಂಡನನ್ನು ‘ಅವನು’ ಅಂತೀಯಾ ಎಂದು ಬೈದರೂ ಸರಿ, ಇವತ್ತು ಬಹುವಚನ ಕೊಡುವ ಮನಸ್ಸಿಲ್ಲ.)

ಕೆಳಗಿನ ಮನೆಯ ಹಂಸಾ ಆಂಟಿ ಕೊಟ್ಟ ತುಳಸಿಗೆ ನೀನು ಹೇಳಿಕೊಟ್ಟ ಹಾಗೆಯೇ ದಿನಾ ಸ್ನಾನ ಮಾಡಿ, ನೆತ್ತಿಯಿಂದ ನೀರೆರೆದು, ಕೈಮುಗಿದು, ಒಂದು ಎಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ತೊಳೆಯದೆ, ಅಜ್ಜೀ! ದೇವರ ಗಿಡದ ಎಲೆಯನ್ನು ಯಾರು ತೊಳೆಯುತ್ತಾರೆ? ನೀರು, ಕುಶಲ್ ಪ್ರತಿ ಶನಿವಾರ ಕಾರಿನಲ್ಲಿ ತರುವ ಕ್ಯಾನಿನದು. ‘ಗಿಡಕ್ಕೆ ಅಂತ ಪುಕ್ಕಟೆ ಕೊಡ್ತಾರೆ ಕಣೇ’ ಅಂದಿದ್ದ. ಎಂಥ ಒಳ್ಳೆಯ ಊರು ಎಂದು ನಾನು ಉಬ್ಬಿಹೋಗಿದ್ದೆ. ಎರಡೇ ತಿಂಗಳಲ್ಲಿ ಗಿಡ ಪೊದೆಯಾಯಿತು, ಒಂದೊಂದು ಎಲೆಯೂ ನನ್ನ ಹೆಬ್ಬೆರಳಿನಷ್ಟು.

ನಿನ್ನೆ ಮೊದಲ ಸಲ ಅವನ ಜೊತೆ ಆ ನೀರು ಕೊಡುವ ಜಾಗಕ್ಕೆ ಹೋದೆ. ನೇರಳೆ ಬಣ್ಣದ ಪೈಪುಗಳು, ‘ಕುಡಿಯಬೇಡಿ’ ಎಂಬ ಬೋರ್ಡು. ಯಾಕೆ ಎಂದು ಕೇಳಿದೆ. ‘ಊರಿನ ಕಮೋಡು, ಬಚ್ಚಲು ಎಲ್ಲದರ ನೀರೂ ಇಲ್ಲಿಗೇ ಬರೋದು. ಶುದ್ಧ ಮಾಡಿ ಗಿಡಕ್ಕೆ ಕೊಡ್ತಾರೆ’ ಅಂದ, ಕ್ಯಾನಿನ ಮುಚ್ಚಳ ತಿರುಗಿಸುತ್ತಾ! ಛೀ! ನೀರೇನೋ ಕನ್ನಡಿಯ ಹಾಗಿದೆ, ವಾಸನೆಯೂ ಇಲ್ಲ. ಅದೇ ಇನ್ನೂ ಅಸಹ್ಯ, ಎರಡು ತಿಂಗಳು ನನಗೆ ಗೊತ್ತೇ ಆಗಲಿಲ್ಲವಲ್ಲ! ಮನೆಗೆ ಬಂದು ನಾಲ್ಕು ಸಲ ಹಲ್ಲುಜ್ಜಿದೆ, ಉರಿಯುವವರೆಗೆ ನಾಲಿಗೆ ಕೆರೆದೆ. ಅವನು ಬಾಗಿಲಿಗೆ ಒರಗಿ ನಗುತ್ತಾನೆ: ‘ಪಂಚಗವ್ಯ ಕುಡಿಯೋ ಮನೆಯವಳಿಗೆ ಇದೇನೇ ಕಷ್ಟ?’ ಹಸುವಿನದು ಬೇರೆ, ಸ್ಯಾನ್ ರಮೋನ್‌ನವರದ್ದು ಬೇರೆ ಅಂದೆ. ‘ಗಿಡಕ್ಕೆ ಅಂತಾನೇ ಹೇಳಿದ್ದೆ, ನೀನು ಮೇಯ್ತೀಯ ಅಂತ ನನಗೇನು ಗೊತ್ತು?’ ಅಂದ. ಮದುವೆಯಾದ ಮೇಲೆ ಮೊದಲ ಸಲ ಅವನನ್ನು ಸೋಫಾದ ಮೇಲೆ ಮಲಗಿಸಿದೆ.

ಇವತ್ತು ತುಳಸಿಯ ಮುಂದೆ ನಿಂತರೆ ಕೈಮುಗಿಯಬೇಕೋ, ಮೂಗು ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನಲ್ಲಿ ನೀರು ಎರೆದು ಕ್ಷಮೆ ಕೇಳಿದೆ. ಎಲೆ ಮಾತ್ರ ಕೀಳಲಿಲ್ಲ.

ಅಪ್ಪ, ಅಮ್ಮನಿಗೆ ನಮಸ್ಕಾರ ಹೇಳು. ನಿನ್ನ ಕಾಲಿಗೆ ಬಿದ್ದಿದ್ದೇನೆ. ಕೆನ್ನೆಗೆ ಮುತ್ತು ಸದ್ಯಕ್ಕೆ ಈ ಬಾಯಿಂದ ಬೇಡ.

ನಿನ್ನ
ವಿಭಾ

ತಾ.ಕ.: ಹೋದ ವಾರ ಹಂಸಾ ಆಂಟಿ ಮೈಸೂರಿಗೆ ಬಂದಾಗ ನಿನ್ನ ಕಷಾಯಕ್ಕೆಂದು ಒಣ ತುಳಸಿಯ ಪೊಟ್ಟಣ ಕಳಿಸಿದ್ದೆನಲ್ಲ, ಅದೂ ಇದೇ ಗಿಡದ್ದು! ಬಿಸಾಡಿಬಿಡು. ಆಗಲೇ ಕುಡಿದುಬಿಟ್ಟಿದ್ದೀಯಾ? ಕುಡಿದು ಕೆಮ್ಮು ನಿಂತಿದ್ದರೆ ನನಗೊಬ್ಬಳಿಗೇ ಹೇಳು. ಕುಶಲ್‌ಗೆ ಮಾತ್ರ ಸಾಯುವವರೆಗೂ ಗೊತ್ತಾಗಬಾರದು.