ಚಳಿಗಾಲದ ವೇಗ

ಸಾನ್ ಲೊರೆನ್ಸೊ, ಪರಾಗ್ವೆ
ಜನವರಿ 14

ಪ್ರೀತಿಯ ಮಗ ಫೆಲಿಸಿಯಾನೊ,

ನಿನ್ನ ಬೆನ್ನುನೋವು ಈಗ ಹೇಗಿದೆ? ಬೇಕರಿಯಲ್ಲಿ ಹಿಟ್ಟಿನ ಮೂಟೆ ಒಬ್ಬನೇ ಎತ್ತಬೇಡವೆಂದು ಅಮ್ಮ ಹೇಳಿದ್ದಾಳೆ. ನಾವು ಹೇಗೋ ಇದ್ದೇವೆ. ಬಿಸಿಲು ವಿಪರೀತ, ತೆರೆರೆಗೆ ಹಾಕಿದ ಮಂಜುಗಡ್ಡೆ ಎರಡು ಗುಟುಕಿಗೆ ಕರಗುತ್ತದೆ. ನಿನ್ನ ತಮ್ಮ ದೆರ್ಲಿಸ್ ತೀರಿಕೊಂಡ ಮೇಲಿನ ಮೊದಲ ಬೇಸಿಗೆ ಇದು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಈಗ ಮನೆಯ ರಗಳೆಯೆಲ್ಲ ದೆರ್ಲಿಸನ ಕಂಪ್ಯೂಟರಿನದು. ಅದರ ಪ್ರೊಸೆಸರು ಕಾರ್ಖಾನೆ ಗೊತ್ತುಮಾಡಿದ್ದಕ್ಕಿಂತ ವೇಗವಾಗಿ ಓಡುವಂತೆ ಅವನು ಹದಮಾಡಿದ್ದನಲ್ಲ. ನಿನ್ನ ತಂಗಿ ನಿಲ್ಸಾ ಮದುವೆಯ ವಿಡಿಯೊಗಳನ್ನು ಜೋಡಿಸುವುದು ಅದರಲ್ಲೇ. ಈಗ ಭಾರದ ಕೆಲಸ ಕೊಟ್ಟರೆ ಸಾಕು, ಕಾದು ತಾನೇ ನಿಂತುಹೋಗುತ್ತದೆ. ಧೂಳು ತೆಗೆದೆ, ಪ್ರೊಸೆಸರಿಗೆ ಶಾಖ ಎಳೆಯುವ ಹೊಸ ಪೇಸ್ಟ್ ಹಚ್ಚಿದೆ, ಪಕ್ಕದ ಮುಚ್ಚಳ ಬಿಚ್ಚಿ ಮೇಜಿನ ಫ್ಯಾನು ತಿರುಗಿಸಿಟ್ಟೆ. ನಿನ್ನ ಸೋದರತ್ತೆ ಬಂದು ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಕಿತ್ತುಕೊಂಡರೆ, "ಜ್ವರ ಬಂದೋರ ಹಣೆಗೆ ಹಾಕಲ್ವಾ?" ಎಂದು ನನ್ನ ಮೇಲೇ ರೇಗಿದಳು. ಯಾರಿಗೆ ಏನು ಹೇಳಲಿ?

ಕೊನೆಗೆ ರಿಪೇರಿಯ ವಿದಾಲನನ್ನು ಕರೆಸಿದೆ. "ಡಾನ್ ಎವಾರಿಸ್ತೊ, ಫ್ಯಾನಿನ ತಪ್ಪಲ್ಲ. ನಿಮ್ಮ ಹುಡುಗ ಈ ವೇಗ ಇಟ್ಟಿರೋದು ಜೂನ್ ತಿಂಗಳ ಚಳೀಲಿ. ಕೋಣೆನೇ ಒಲೆ ಆಗಿರೋವಾಗ ಫ್ಯಾನು ತಂಪು ಎಲ್ಲಿಂದ ತರುತ್ತೆ? ಸ್ವಲ್ಪ ಇಳಿಸ್ತೀನಿ. ಚಳಿ ಬಂದಾಗ ಮತ್ತೆ ಏರಿಸಿದ್ರಾಯ್ತು" ಎಂದ. ಎಷ್ಟು ಸರಳ! ನಿನ್ನ ಅಮ್ಮ ಅಡುಗೆಮನೆಯಿಂದ ಬಂದು ಮೇಜಿಗೆ ಅಡ್ಡ ನಿಂತಳು. "ನನ್ನ ಮಗ ಇಟ್ಟ ವೇಗ ಅದು. ಇಳಿಸೋದಾದ್ರೆ ನನ್ನ ಹೆಣ ದಾಟ್ಕೊಂಡು ಹೋಗಿ ಇಳಿಸಿ." ವಿದಾಲ್ ಸ್ಕ್ರೂಡ್ರೈವರ್ ಜೇಬಿಗಿಟ್ಟು, ಕೊಟ್ಟ ತೆರೆರೆಯನ್ನೂ ಕುಡಿಯದೆ ಹೋದ.

ಹೋದ ಜನವರಿಯಲ್ಲೂ ಇಷ್ಟೇ ಬಿಸಿಲಿತ್ತು, ಕಂಪ್ಯೂಟರು ಒಂದು ಸಲವೂ ನಿಲ್ಲಲಿಲ್ಲ. ಹಾಗಾದರೆ ಬೇಸಿಗೆಯಲ್ಲಿ ಅವನೇ ಇಳಿಸುತ್ತಿದ್ದನಲ್ಲವೇ ಎಂದು ನಿನ್ನ ಅಮ್ಮನಿಗೆ ಬಿಡಿಸಿ ಹೇಳಿದೆ. "ಹೋದ ವರ್ಷ ಅವನಿದ್ದ. ಅದಕ್ಕೇ ನಿಲ್ಲಲಿಲ್ಲ" ಎಂದಳು. ಸಿಟ್ಟು ಬರುತ್ತದೆ, ಸಿಟ್ಟಾಗಲೂ ಆಗುವುದಿಲ್ಲ.

ನಿಲ್ಸಾಳಿಗೆ ಅಳು, ನಗು ಎರಡೂ. "ಅಪ್ಪಾ, ಮದುಮಗಳಿಗೆ ಏನ್ ಹೇಳ್ಲಿ? ನಿನ್ನ ಮುತ್ತು ಅರ್ಧಕ್ಕೇ ಕಾದು ನಿಂತೋಯ್ತು ಅಂತನಾ?" ಮುಂದಿನ ಶನಿವಾರ ವಿಡಿಯೊ ಕೊಡಬೇಕು. ಈ ಮದುವೆಯ ಕೆಲಸ ಕೆಟ್ಟರೆ ಇನ್ನು ಯಾರೂ ಅವಳನ್ನು ಕರೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವಮಾತೆ ನಿನ್ನನ್ನು ಕಾಯಲಿ. ನಿನ್ನ ಮನೆಯವರನ್ನೆಲ್ಲ ಕೇಳಿದೆವೆಂದು ಹೇಳು.

ನಿನ್ನ ಅಪ್ಪ,
ಎವಾರಿಸ್ತೊ

ಕೊನೆಗೊಂದು ಮಾತು: ನಿಮ್ಮ ರೊಸಾರಿಯೊಗೆ ಹೊರಟ ಬಸ್ಸಿನ ಡ್ರೈವರ್ ಈ ಪತ್ರ ಒಯ್ಯಲು ಬಾಗಿಲಲ್ಲಿ ಕಾಯುತ್ತಿದ್ದಾನೆ. ಫೋನಿನಲ್ಲಿ ಹೇಳಿದರೆ ಅಮ್ಮನ ಕಿವಿಗೆ ಬೀಳುತ್ತದೆಂದು ಪತ್ರ ಬರೆದೆ. ದೆರ್ಲಿಸ್ ಇಂಥದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದುದು ನಿನ್ನ ಹತ್ತಿರ. ಬೇಸಿಗೆ ಬಂದಾಗಲೆಲ್ಲ ತಾನೇ ವೇಗ ಇಳಿಸುತ್ತಿದ್ದೆನೆಂದು ಅವನು ನಿನಗೆ ಹೇಳಿದ್ದನೆಂದು ಅಮ್ಮನಿಗೆ ಕೂಡಲೇ ಫೋನ್ ಮಾಡಿ ಹೇಳು. ನಿನ್ನ ಮಾತನ್ನು ಅವಳು ನಂಬುತ್ತಾಳೆ. ಅವನು ಹೇಳಿರದಿದ್ದರೂ ಹೇಳು.