ಕೊನೆಗೊಂದು ಉಕಾರ

ಅರಸೀಕೆರೆ
10-11-2024, ಭಾನುವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನ ಕುರ್ಚಿಗಳನ್ನು ಖಾಲಿ ಬಿಟ್ಟು ಹಿಂದೆ ಗೋಡೆಗೆ ಒರಗಿ ನಿಂತಿರುವ ಮಹಾಜನಗಳೇ! ಅರಸೀಕೆರೆಯ ಕೊಬ್ಬರಿ ವ್ಯಾಪಾರಿ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಪಾಸಾದವನು, ನಲವತ್ತೈದು ದಾಟಿದರೂ ಪ್ರಾಸದ ಚಟ ಬಿಡದವನು, ಶರತ್ಚಂದ್ರ ಎಂಬ ನಾನು, ಮಾಲ್ಡೀವ್ಸ್ ದೇಶದ ಪುಟ್ಟ ದ್ವೀಪವೊಂದರಲ್ಲಿ ಇಂಗ್ಲಿಷ್ ಟೀಚರಾಗಿರುವ ನನ್ನ ಧರ್ಮಪತ್ನಿಯನ್ನು ಕುರಿತು ಎರಡು ಮಾತನಾಡಲು ತಮ್ಮ ಅಪ್ಪಣೆ ಬೇಡುತ್ತೇನೆ. ಎರಡೇ ಮಾತು ಎಂದವರು ಮುಕ್ಕಾಲು ಗಂಟೆ ಮೈಕು ಬಿಡುವುದಿಲ್ಲವೆಂಬುದು ಸಭೆಗೆ ಗೊತ್ತೇ ಇದೆ.

ಪ್ರೀತಿಯ ಮಾಲಿನೀ,

ಹೇಗಿದ್ದೀಯ? ಹಿಮ್ಮಡಿ ನೋವು ಇಳಿಯಿತೇ? ಆ ಉಪ್ಪುಗಾಳಿಗೆ ಕೂದಲು ಉದುರುತ್ತಿದೆ ಅಂದಿದ್ದೆ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀಯ ತಾನೇ? ಕೊಬ್ಬರಿ ವ್ಯಾಪಾರಿಯ ಹೆಂಡತಿಗೆ ಇದನ್ನೂ ಬರೆದು ಕೇಳಬೇಕಾಯಿತು ನೋಡು. ಮೀನು ಬಿಟ್ಟರೆ ಬೇರೇನೂ ಇಡದ ಆ ಅಂಗಡಿಗೆ ಈಗಲಾದರೂ ತೊಗರಿಬೇಳೆ ಬಂತೇ? ತೆಂಗಿನ ಸೀಮೆಯಿಂದ ಹೊರಟು ಇನ್ನೊಂದು ತೆಂಗಿನ ಸೀಮೆಗೇ ಹೋಗಿ ಕೂತವಳು ನೀನು. ಅದರ ಮೇಲೊಂದು ಕಟ್ಟಿದ್ದೇನೆ, ಕೇಳು: ಇಲ್ಲೂ ತೆಂಗು, ಅಲ್ಲೂ ತೆಂಗು, ನಡುವೆ ಬರೀ ನೀರು, ಚಟ್ನಿ ರುಬ್ಬೋ ಕೈಯೇ ಅಲ್ಲಿ, ಇಲ್ಲಿ ರುಬ್ಬೋರ್ಯಾರು? ಮಗಳು ಗಾನವಿಗೆ ಓದಿ ಹೇಳಿದೆ. "ಅಪ್ಪಾ, ಚೆನ್ನಾಗಿದೆ, ಆದ್ರೆ ಸ್ಟೇಟಸ್‌ಗೆ ಮಾತ್ರ ಹಾಕ್ಬೇಡಿ ಪ್ಲೀಸ್, ನನ್ ಫ್ರೆಂಡ್ಸೆಲ್ಲ ನೋಡ್ತಾರೆ" ಅಂದಳು. ಹಾಕಿಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ. ಅಮ್ಮ ಆಪರೇಷನ್ನಾದ ಮಂಡಿಯಲ್ಲಿ ಬೀದಿಯ ಕೊನೆಯವರೆಗೂ ನಡೆದು ಬರುತ್ತಾಳೆ. ಒಳಗಿದ್ದರೆ, "ಅವ್ಳು ಅಲ್ಲಿ ಯಾರ್ ಮಕ್ಳಿಗೋ ಎ ಬಿ ಸಿ ಡಿ ಹೇಳ್ಕೊಡ್ತಾ ಕೂತವ್ಳೆ, ಇಲ್ಲಿ ಈ ಮಗೀಗೆ ತಲೆ ಬಾಚೋರಿಲ್ಲ" ಎಂಬ ದೂರು. ಆ ಮಗುವಿಗೆ ಹತ್ತೊಂಬತ್ತು ತುಂಬಿದೆ, ನರ್ಸಿಂಗ್ ಓದುತ್ತಿದೆ. ಆಚೆ ಹೋದರೆ ಅದೇ ಅಮ್ಮ, "ನಮ್ ಸೊಸೆ ಫಾರಿನ್ ಮೇಡಮ್ಮು" ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿ ಬರುತ್ತಾಳೆ. ಕೊಬ್ಬರಿ ಮಾರುವ ಮಂಡಿಯಲ್ಲಿ ಷಡಕ್ಷರಪ್ಪ, ನಿನಗೆ ಗೊತ್ತಲ್ಲ, ನಮ್ಮ ಪಕ್ಕದ ಅಂಗಡಿಯವನು, ದಿನಕ್ಕೊಂದು ಸಲ ನನ್ನನ್ನು ಕೆಣಕದಿದ್ದರೆ ಅವನಿಗೆ ಕಾಫಿ ಇಳಿಯುವುದಿಲ್ಲ. "ಏನ್ಲಾ ಶರತ್, ಉಪ್ಪಿನಕಾಯಿ ಕಡಲಾಚೆ ಐತೆ, ನೀನಿಲ್ಲಿ ಬರೀ ಮೊಸರನ್ನ ಕಲಸ್ಕೊಂಡ್ ಕೂತಿದ್ದೀಯಲ್ಲಲಾ!" ನಗುತ್ತೇನೆ. ಇನ್ನೇನು ಮಾಡಲಿ.

ನೀನು ಹೋಗಿ ಎರಡು ವರ್ಷವಾಗುತ್ತ ಬಂತು. ಬೇಲೂರಿನ ಆ ಕಾನ್ವೆಂಟಿಗೆ ಹನ್ನೊಂದು ವರ್ಷ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಪ್ರತಿ ಜೂನ್‌ನಲ್ಲೂ, "ಮುಂದಿನ ವರ್ಷ ಕಾಯಂ ಮಾಡೋಣ ಮೇಡಂ" ಎನ್ನುತ್ತಿದ್ದರು. ಕೊರೊನಾ ಬಂದಾಗ ಮಾತ್ರ ಮರೆಯದೆ ಫೋನ್ ಮಾಡಿ, ಬರುವುದು ಬೇಡ ಎಂದರು. ಹಳೇಬೀಡಿನ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿಗೆ ಬಂದ ಮೇಲೆ ಮೊದಲ ಸಲ ಇಂಗ್ಲಿಷ್ ಅಕ್ಷರ ಕಂಡವಳು, ಕಡಲ ನಡುವಿನ ಮಕ್ಕಳಿಗೆ ಅದೇ ಇಂಗ್ಲಿಷನ್ನು ಹೇಳಿಕೊಡಲು ಹೊರಟೆ. ಗಾನವಿಯ ಕಾಲೇಜು, ಅಮ್ಮನ ಮಂಡಿ, ಎರಡೂ ನಿನ್ನ ಪಾಠದಿಂದಲೇ ನಡೆದವು. ನನ್ನ ಕೊಬ್ಬರಿ ಮನೆಯ ಒಗ್ಗರಣೆಗೆ ಸಾಕು, ಊಟಕ್ಕೆ ನಿನ್ನ ಇಂಗ್ಲಿಷೇ ಬೇಕು. ಪ್ರಾಸಕ್ಕಾಗಿ ಹೇಳಿದ್ದಲ್ಲ, ಅದು ತಾನಾಗಿ ಬಂತು.

ಈಗ ಎಲ್ಲವೂ ಇಪ್ಪತ್ತನೇ ತಾರೀಖಿನ ಮೇಲೆ ನಿಂತಿದೆ. ಅಂದು ಅಲ್ಲಿನ ರಾಜಧಾನಿಯಿಂದ ಸೂಪರ್‌ವೈಸರ್ ಬಂದು ಹಿಂದಿನ ಬೆಂಚಿನಲ್ಲಿ ಕೂತು ನಿನ್ನ ಪಾಠ ಕೇಳುತ್ತಾರೆ. ಮೆಚ್ಚಿದರೆ ಇನ್ನೆರಡು ವರ್ಷಕ್ಕೆ ಸಹಿ, ಇಲ್ಲದಿದ್ದರೆ ಡಿಸೆಂಬರಿಗೆ ಊರಿನ ಟಿಕೆಟ್. ಕಳೆದ ಸಲ ಆಕೆ ಹೇಳಿಹೋದ ಮಾತನ್ನು ನೀನು ಫೋನಿನಲ್ಲಿ ನಗುತ್ತಲೇ ಹೇಳಿದ್ದೆ, ಆದರೆ ಹೇಳಿ ಮುಗಿಸಿದವಳೇ ಫೋನ್ ಇಟ್ಟುಬಿಟ್ಟೆ. "ಈ ದ್ವೀಪದ ಮಕ್ಕಳ ಭಾಷೆಯಲ್ಲೇ ಎಷ್ಟೋ ಪದಗಳ ಕೊನೆಗೊಂದು ಉ ಇದೆ, ಇಂಗ್ಲಿಷ್ ಆಡುವಾಗ ಅದನ್ನು ಬಿಡಿಸಲಿ ಎಂದು ನಿಮ್ಮನ್ನು ಕರೆಸಿದರೆ, ನೀವು ನಿಮ್ಮೂರಿನ ಇನ್ನೊಂದು ಉ ತಂದು ಸೇರಿಸಿದ್ದೀರಲ್ಲ ಮೇಡಂ" ಎಂದರಂತೆ. ಬುಕ್ಕು, ಬೋಟು, ಫಿಶ್ಶು. ಸಾಲದ್ದಕ್ಕೆ ಮೊಟ್ಟೆಯ ಚಿತ್ರ ತೋರಿಸಿದರೆ ಇಡೀ ತರಗತಿ ಒಕ್ಕೊರಲಿನಿಂದ ಯೆಗ್ ಎಂದಿತಂತೆ. ಅರಸೀಕೆರೆ ಬಸ್‌ಸ್ಟ್ಯಾಂಡೇ ಎದ್ದು ಹೋಗಿ ಹಿಂದೂ ಮಹಾಸಾಗರದಲ್ಲಿ ಕೂತಂತೆ!

ಇದರಲ್ಲಿ ನಾಚುವಂಥದ್ದೇನೂ ಇಲ್ಲ ಕಣೇ. ನಾನು ಯೋಚಿಸಿ ನೋಡಿದ್ದೇನೆ. ಕನ್ನಡದ ಬಾಯಿಗೆ ಪದವನ್ನು ವ್ಯಂಜನದ ಮೇಲೆ ನಿಲ್ಲಿಸಿ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಊಟಕ್ಕೆ ಕೂತವರನ್ನು ಮಜ್ಜಿಗೆ ಬಡಿಸದೆ ಎಬ್ಬಿಸಿದಂತಾಗುತ್ತದೆ. ಬಸ್ ಬಂತು ಎಂದರೆ ಇನ್ನೂ ಎಲ್ಲೋ ಜಾವಗಲ್ ಹತ್ತಿರ ಇದೆ ಅನಿಸುತ್ತದೆ. ಬಸ್ಸು ಬಂತು ಎಂದರೆ ಎದುರಿಗೇ ಬಂದು ನಿಂತಿತು. ಆದರೆ ಸೂಪರ್‌ವೈಸರಮ್ಮನಿಗೆ ಇದನ್ನು ಯಾರು ಹೇಳಬೇಕು?

ಅದಕ್ಕೇ ನೀನು ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ ನನಗೆ ಕಳಿಸಲು ಶುರುಮಾಡಿದ್ದು. "ನಂದು ನಂಗೆ ಕೇಳ್ಸಲ್ಲ ರೀ. ನೀವು ಪ್ರಾಸದೋರು, ಪದದ ಬಾಲ ಹಿಡಿಯೋದ್ರಲ್ಲಿ ನಿಮ್ಮನ್ ಬಿಟ್ರಿಲ್ಲ. ಎಲ್ಲಿ ಉ ಬಂತು, ಎಲ್ಲಿ ಯೆ ಬಂತು ಹೇಳಿ. ನಾನೇನೂ ಬೇಜಾರ್ ಮಾಡ್ಕೊಳಲ್ಲ" ಅಂದಿದ್ದೆ. ಬೇಲೂರು ಕಡೆಗೆ ಕೊಬ್ಬರಿ ನೋಡಲು ಹೋಗುವಾಗ ಬಸ್ಸಿನಲ್ಲಿ ಕೇಳುತ್ತೇನೆ. ಹಳೇಬೀಡಿನ ಕೆರೆ ಕಾಣುವ ಹೊತ್ತಿಗೆ ಒಂದು ಪಾಠ, ಬೇಲೂರಿನಲ್ಲಿ ಇಳಿಯುವ ಹೊತ್ತಿಗೆ ಇನ್ನೊಂದು. ಮೊನ್ನೆ ಇಯರ್‌ಫೋನ್ ಕೈಕೊಟ್ಟು ನಿನ್ನ ದನಿ ಬಸ್ಸಿಗೆಲ್ಲ ಕೇಳಿಬಿಟ್ಟಿತು. ಪಕ್ಕದ ಸೀಟಿನ ಯಜಮಾನರು, "ಏನ್ ಸ್ವಾಮಿ, ನ್ಯೂಸಾ?" ಎಂದರು. "ಅಲ್ಲ, ನಮ್ಮನೆಯೋರು" ಎಂದೆ. "ಜಗಳಾನೂ ಇಂಗ್ಲಿಷ್ನಾಗೇ ಆಡ್ತಾರಾ?" ಎಂದು ಕೇಳಿ ಬಹಳ ಮರುಕದಿಂದ ನನ್ನನ್ನೇ ನೋಡಿದರು.

ನೀನು ಕಳಿಸಿದ ಹನ್ನೆರಡು ಪಾಠಗಳನ್ನೂ ಪೂರ್ತಿ ಕೇಳಿದ್ದೇನೆ. ಪ್ರತಿ ಸಲವೂ ಹೇಳಿದ್ದನ್ನೇ ಈಗ ಸಭೆಯ ಪರವಾಗಿ ಪ್ರಮಾಣಪತ್ರ ರೂಪದಲ್ಲಿ ದಯಪಾಲಿಸುತ್ತೇನೆ: ಉಚ್ಚಾರಣೆ ನಿರ್ಮಲ, ಉ ಇಲ್ಲ, ಯೆ ಇಲ್ಲ, ಸೂಪರ್‌ವೈಸರಮ್ಮನಿಗೆ ಕೆಲಸವೇ ಇಲ್ಲ. ಇಷ್ಟರ ಮೇಲೂ ಅವರು ಬೇಡ ಎಂದರೆ ಎದೆಗೆ ಹಚ್ಚಿಕೊಳ್ಳಬೇಡ. ಸಂಕ್ರಾಂತಿಗೆ ನಮ್ಮ ಬೀದಿಯಲ್ಲೇ ಎಳ್ಳು ಬೀರಿದರಾಯಿತು. ಹಳೇಬೀಡಿನಲ್ಲಿ ಯಾರೋ ಹೊಸದಾಗಿ ಶಾಲೆ ತೆರೆಯುತ್ತಾರಂತೆ, ಇಂಗ್ಲಿಷಿಗೆ ಜನ ಹುಡುಕುತ್ತಿದ್ದಾರಂತೆ. ಸುಮ್ಮನೆ ಕಿವಿಗೆ ಬಿತ್ತು, ಬರೆದೆ. ಒತ್ತಾಯವೇನಲ್ಲ.

ಒಲೆಯ ಮೇಲೆ ಹಾಲಿದೆ, ಉಕ್ಕಿದರೆ ಅಮ್ಮ ನನ್ನ ಬಿ.ಎ.ಯನ್ನು ಬೈಯುತ್ತಾಳೆ. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಬಿಸಿಲಲ್ಲಿ ಬರಿಗಾಲಲ್ಲಿ ಮರಳಿನ ಮೇಲೆ ತಿರುಗಬೇಡ ಎಂದೂ. ಗಾನವಿ ಮುತ್ತು ಕೊಟ್ಟಿದ್ದಾಳೆ. ವೇಳೆಗೆ ಸರಿಯಾಗಿ ಊಟ ಮಾಡು.

ನಿನ್ನ
ಶರತ್ಚಂದ್ರ

ತಾ.ಕ.: ಇದನ್ನು ಫೋಟೋ ತೆಗೆದು ಕಳಿಸೋಣವೆಂದು ಫೋನ್ ಎತ್ತಿಕೊಂಡರೆ ನಿನ್ನ ಮೆಸೇಜು ಬಂದಿದೆ: "ನಮ್ಮನೆಯೋರು ಎಲ್ಲಾ ಕೇಳಿ ಸರಿ ಅಂದಿದಾರೆ ಅಂತ ಹೆಡ್‌ಮಿಸ್ಟ್ರೆಸ್‌ಗೆ ಧೈರ್ಯವಾಗಿ ಹೇಳ್ಬಿಟ್ಟೆ ಕಣ್ರೀ." ಮಾಲಿನೀ, ಮೇಲಿನದೆಲ್ಲ ಬಿಡು, ಇದನ್ನು ಮೊದಲು ಓದಿಕೋ. ಮೂರನೇ ಪಾಠದಲ್ಲಿ ಬೋಟು ನಾಲ್ಕು ಸಲ ಇದೆ. ಐದರಲ್ಲಿ ಐಲ್ಯಾಂಡು. ಒಂಬತ್ತರಲ್ಲಿ ಎವೆರಿ ಎಂಬುದೆಲ್ಲ ಯೆವೆರಿ, ಓಲ್ಡ್ ಎಂಬುದು ವೋಲ್ಡು. ಹನ್ನೆರಡರಲ್ಲಿ ಕತೆ ಮುಗಿಸುವ ಎಂಡ್ ಕೂಡ ಯೆಂಡು. ಬರುವುದು ಹೆಚ್ಚಾಗಿ ಸಾಲಿನ ಕೊನೆಯಲ್ಲಿ, ಮುಗಿಸುವ ಆತುರದಲ್ಲಿ. ಕೊನೆಯ ಪದಕ್ಕೆ ಮುಂಚೆ ಒಂದು ಉಸಿರು ನಿಲ್ಲು, ಪದ ಮುಗಿದ ಕೂಡಲೇ ತುಟಿ ಗುಂಡಗಾಗಲು ಬಿಡಬೇಡ. ಇನ್ನೂ ಹತ್ತು ದಿನ ಇದೆ, ನಿನಗೆ ಅಷ್ಟು ಸಾಕು. ಇವು ಇವತ್ತು ಹೊಸದಾಗಿ ಕೇಳಿಸಿದವಲ್ಲ. ಮೊದಲ ದಿನದಿಂದಲೂ ಕೇಳಿಸಿವೆ, ಕೇಳಿಸಿದಷ್ಟನ್ನೂ ಬಸ್ ಟಿಕೆಟ್ಟಿನ ಹಿಂದೆ ಬರೆದು ಇಟ್ಟಿದ್ದೇನೆ. ನೀನು ಫೇಲಾಗಿ ಮನೆಗೆ ಬರಲಿ ಅಂತ ಸುಮ್ಮನಿದ್ದೆ.