ಭಾನುವಾರದ ಒಂದು ಹಾಡಿಗೆ

ಶಬ್ದದ ಪರವಾನಗಿ ಕೊಡೋ ಸಾಹೇಬರಿಗೆ,

ಓಡಿ ಬನ್ನಿ! ನಿಮ್ಮ ಆಫೀಸಿನ ಗೇಟಿಗೆ ಲೌಡ್‌ಸ್ಪೀಕರ್ ಕಟ್ಟಿ ಯಾರೋ ಮುದುಕ ನಿಮ್ಮನ್ನ ಬಾಯಿಗೆ ಬಂದಂಗೆ ಬೈತಿದಾನೆ!

ಸುಳ್ಳು ಸ್ವಾಮಿ. ಕಿಟಕಿ ಕಡೆ ತಿರುಗಿ ನೋಡಿದ್ರಲ್ಲ, ಅಷ್ಟು ಸಾಕು. ನನ್ನ ಹಿಂದಿನ ಅರ್ಜಿ ಕಡೆ ನೀವು ಕಣ್ಣೆತ್ತೂ ನೋಡಲಿಲ್ಲ.

ಭಾನುವಾರ ಸಂಜೆ ಪಾರ್ಕಲ್ಲಿ ನನ್ನ ಮೊಮ್ಮಗಳು ಮೊದಲನೇ ಸಲ ಜನರೆದುರು ಹಾಡ್ತಾಳೆ. ಮೈಕ್‌ಸೆಟ್ ನಂದೇ. ನಿಮ್ಮ ಮಿತಿಯೊಳಗೆ ಹಾಡಿದ್ರೆ ಊರಿಗೆಲ್ಲ ಕೇಳುತ್ತೆ, ನನ್ನ ಹೆಂಡತಿಗೆ ಕೇಳಲ್ಲ. ಅವಳ ಕಿವಿ ದಿನದಿಂದ ದಿನಕ್ಕೆ ಮಂದ ಆಗ್ತಿದೆ. ಮೊನ್ನೆ, "ಮಗು ಹಾಡೋದು ಬಿಟ್ಟುಬಿಟ್ಳೇನ್ರೀ?" ಅಂದ್ಳು. ಮಗು ಪಕ್ಕದಲ್ಲೇ ಕೂತು ಹಾಡ್ತಿತ್ತು. "ಹೂಂ ಕಣೇ, ಗಂಟಲು ಕೆಟ್ಟಿದೆ" ಅಂತ ಕೂಗಿ ಹೇಳ್ದೆ.

ಒಂದೇ ಒಂದು ಹಾಡಿಗೆ ಶಬ್ದ ಏರಿಸೋಕೆ ಬಿಡಿ. ಪಾರ್ಕಿನ ಸುತ್ತಲಿನ ಮನೆಯೋರೆಲ್ಲ ಒಪ್ಪಿದಾರೆ. ಬೇಗ ಹೇಳಿ, ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ, ನಿಂತಲ್ಲಿ ನಿಲ್ಲೋಕಾಗ್ತಿಲ್ಲ.

ಇಂತಿ ನಿಮ್ಮ ತಲೆನೋವು,
ಮೈಕಜ್ಜ

ತಾ.ಕ.: ಹೋದ ವಾರ ನಿಮ್ಮೋರು ನಮ್ಮ ಬೀದಿಗೆ ಬಂದಾಗ ಶಬ್ದ ಅಳೆಯೋ ಯಂತ್ರದ ಬಾಯಿಗೆ ಹತ್ತಿ ತುರುಕಿದ್ದು ನಾನೇ. ಆವತ್ತಿಂದ ಊರಲ್ಲಿ ಗಲಾಟೆನೇ ಇಲ್ಲ ಅಂತ ಹಿಗ್ತಿದೀರಂತೆ. ಪರವಾನಗಿ ಕೊಟ್ರೆ ಈಗಲೇ ತೆಗೀರಿ. ಕೊಡದಿದ್ರೆ ಸೋಮವಾರ ತೆಗೀರಿ.